ಕೈ ಕೊಟ್ಟವರ ಮೇಲೆ ಸೇಡಿನ ಹಾಡು ಬರೆಯೋದು ಹೇಗೆ

ನಮ್ ಕಡೆ ಲವ್ ಫೇಲ್ಯೂರ್ ಹಾಡು ಅಂದ್ರೆ ಗೊತ್ತಲ್ಲ, ಹೀರೋ ಗಡ್ಡ ಬಿಡ್ತಾನೆ, ಬಾರಲ್ಲಿ ಕೂತ್ಕೋತಾನೆ, ಹುಡ್ಗೀರೆಲ್ಲ ಹಿಂಗೇ ಅಂತ ಪಕ್ಕದಲ್ಲಿರೋ ಫ್ರೆಂಡ್ ತಲೆ ಆಡಿಸ್ತಾನೆ, ಆಮೇಲೆ ಮಳೆ ಬರತ್ತೆ. ಉತ್ತರ ಕರ್ನಾಟಕದ ಯೂಟ್ಯೂಬ್ ಜಾನಪದ ಹಾಡುಗಳಲ್ಲಿ ಸ್ವಲ್ಪ ಖಾರ ಜಾಸ್ತಿ ಇದ್ರೂ ಅಲ್ಲೂ ಕೊನೆಗೆ ಹುಡುಗ ಅಳೋದೇ. ಆದ್ರೆ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿ ಸೊಗಡಿನ ಹಾಡು), ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್), ಪಾಪ್ ಹಾಡುಗಳಲ್ಲಿ ಮೋಸ ಮಾಡಿದ ಗಂಡನಿಗೋ ಬಾಯ್‌ಫ್ರೆಂಡ್‌ಗೋ ಬುದ್ಧಿ ಕಲಿಸೋ ಹಾಡು ಅನ್ನೋದೇ ಒಂದು ದೊಡ್ಡ ಖಾನೆ, ನೂರು ವರ್ಷಕ್ಕಿಂತ ಹಳೇದು, ಅಲ್ಲಿ ಅಳೋರಿಗಿಂತ ಕೆಲಸ ಮಾಡೋರೇ ಜಾಸ್ತಿ. ಆ ಹಾಡುಗಳನ್ನ ಬಿಚ್ಚಿ ನೋಡಿದ್ರೆ ಅದ್ರಲ್ಲಿ ಕಲಿಯೋಕೆ ತುಂಬಾ ಇದೆ. ನಿಮಗೂ ಯಾರಾದ್ರೂ ಕೈ ಕೊಟ್ಟಿದ್ರೆ, ಅಥವಾ ಕೊಟ್ಟಿಲ್ಲ ಅಂದ್ರೂ ಸುಮ್ನೆ ಒಂದು ಒಳ್ಳೆ ಉರಿಯೋ ಹಾಡು ಬರೀಬೇಕು ಅಂತಿದ್ರೆ, ಇದು ನಿಮಗೆ.

ಮೊದ್ಲೇ ಹೇಳ್ಬಿಡ್ತೀನಿ, ಇದೆಲ್ಲ ಪೇಪರ್ ಮೇಲೆ ಮಾತ್ರ. ನಿಜವಾಗ್ಲೂ ಹೋಗಿ ಯಾರದ್ದಾದ್ರೂ ಕಾರಿನ ಗ್ಲಾಸ್ ಒಡೆದ್ರೆ ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 324, ಆಸ್ತಿ ಹಾಳು ಮಾಡಿದ್ದಕ್ಕೆ ಕೇಸು ನಿಮ್ಮ ಮೇಲೆ. ಅವರು ಮಾಡಿದ ಮೋಸಕ್ಕೆ ಕೇಸಿಲ್ಲ, ಯಾಕಂದ್ರೆ ಪರಸಂಗದ ಹಳೇ ಕಾನೂನು, ಐಪಿಸಿ 497, ಅದನ್ನ ಸುಪ್ರೀಂ ಕೋರ್ಟ್ 2018ರಲ್ಲೇ ತೆಗೆದುಹಾಕ್ತು, ಈಗ ಅದು ಡಿವೋರ್ಸ್‌ಗೆ ಕಾರಣ ಅಷ್ಟೇ, ಅಪರಾಧ ಅಲ್ಲ. ಅಂದ್ರೆ ಲೆಕ್ಕ ಪೂರ್ತಿ ಅವರ ಪರವಾಗೇ ಇದೆ. ಹಾಡಲ್ಲಿ ಮಾತ್ರ ನಿಮ್ಮದೇ ಕೋರ್ಟು, ನೀವೇ ಜಡ್ಜು.

ಮೊದಲನೇ ಕೆಲಸ, ಯಾವ ಥರದ ಸೇಡು ಅಂತ ತೀರ್ಮಾನ ಮಾಡಿ

ಇದನ್ನ ಮಾಡದೇ ಬರೆಯೋಕೆ ಕೂತ್ರೆ ಒಂದು ಲೈನಲ್ಲಿ ಶಾಪ, ಇನ್ನೊಂದು ಲೈನಲ್ಲಿ ವಾಪಸ್ ಬಾ, ಮೂರನೇದ್ರಲ್ಲಿ ನೀನ್ಯಾರು ನಂಗೊತ್ತಿಲ್ಲ ಅಂತ ಕಲಸುಮೇಲೋಗರ ಆಗತ್ತೆ. ಒಂದೇ ಹಾಡಿಗೆ ಒಂದೇ ಸೇಡು.

ತುಂಬಾ ಸೌಮ್ಯವಾಗಿರೋದು ಶಾಪ. ಹ್ಯಾಂಕ್ ವಿಲಿಯಮ್ಸ್ ಅಂತ ಕಂಟ್ರಿ ಮ್ಯೂಸಿಕ್‌ನ ದೊಡ್ಡ ಹೆಸರು, ಅವನ 'ಯುವರ್ ಚೀಟಿನ್ ಹಾರ್ಟ್' 1952ರ ಸೆಪ್ಟೆಂಬರಲ್ಲಿ ರೆಕಾರ್ಡ್ ಆಯ್ತು, 1953ರ ಜನವರಿ 1ಕ್ಕೆ ಅವನು ತೀರ್ಕೊಂಡ, 29 ವರ್ಷ, ಹಾಡು ರಿಲೀಸ್ ಆಗಿದ್ದು ಆಮೇಲೆ. ಅದ್ರಲ್ಲಿ ಅವನು ಏನೂ ಮಾಡಲ್ಲ. ಬೈಯೋದೂ ಇಲ್ಲ. ನಿಂಗೆ ನಿದ್ದೆ ಬರಲ್ಲ, ರಾತ್ರಿ ಎದ್ದು ಓಡಾಡ್ತೀಯ, ನನ್ ಹೆಸರು ಕರೀತೀಯ, ನಿನ್ ಮನಸ್ಸೇ ನಿನ್ನ ಹಿಡ್ಕೊಡತ್ತೆ, ಅಷ್ಟೇ. ನಮ್ಮಜ್ಜೀರು ಮಣ್ಣು ತೂರಿ ಹಾಕ್ತಿದ್ದ ಶಾಪಕ್ಕಿಂತ ಇದು ಭಯಂಕರ ಅನ್ಸತ್ತೆ ನಂಗೆ, ಯಾಕಂದ್ರೆ ಕೂಗಾಟ ಇಲ್ಲ.

ಎರಡನೇದು ವಸ್ತು ಒಡೆಯೋದು, ಇದ್ರ ಬಗ್ಗೆ ಮುಂದೆ ಉದ್ದಕ್ಕೆ ಹೇಳ್ತೀನಿ. ಮೂರನೇದು ದುಡ್ಡು. ಬ್ಲೂ ಕ್ಯಾಂಟ್ರೆಲ್ 2001ರಲ್ಲಿ ಒಂದು ಹಾಡು ಮಾಡಿದ್ಲು, 'ಹಿಟ್ ಎಮ್ ಅಪ್ ಸ್ಟೈಲ್', ಅದು ಹಾಡು ಅನ್ನೋದಕ್ಕಿಂತ ಅಕ್ಕತಂಗೀರಿಗೆ ಕೊಟ್ಟ ಸಲಹೆ, ಗಂಡು ಬಾಲ ಬಿಚ್ಚಿದ್ರೆ ಅವನ ದುಡ್ಡನ್ನ ಕೊನೇ ಕಾಸಿನವರೆಗೂ ಖರ್ಚು ಮಾಡಿ ಅಂತ, ಅದೂ ಕುಣಿಯೋ ಬೀಟಲ್ಲಿ. ನಾಲ್ಕನೇದು ಮನೆಯಿಂದ ಆಚೆ ಹಾಕೋದು, ಬಿಯಾನ್ಸೆ 2006ರ 'ಇರ್‌ರಿಪ್ಲೇಸಬಲ್' ಹಾಡು. ಐದನೇದು ಊರಿಗೆಲ್ಲ ಡಂಗುರ ಸಾರೋದು, ಅದಕ್ಕೆ ಗಾಯಕಿ ಶಕೀರಾ, ಅವಳ ಹಾಡು ಕೊನೇಲಿ ಬರತ್ತೆ. ಕೊನೇದು ಕೊಲೆ, ಅದಕ್ಕೆ ಬೇರೆನೇ ಜಾಗ ಇಟ್ಟಿದೀನಿ.

ನಿಮ್ ಸಿಟ್ಟು ಎಷ್ಟಿದೆಯೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನ ಆರಿಸ್ಕೊಳಿ. ಸಿಟ್ಟು ಮಿಕ್ಕಿದ್ರೆ ಅದು ದನಿಯಲ್ಲಿ ಬರತ್ತೆ, ಪದದಲ್ಲಿ ಬರೋದು ಬೇಡ.

ಹೇಗೆ ಗೊತ್ತಾಯ್ತು?

ಕೇಳುಗರು ಮೊದ್ಲು ಕೇಳೋ ಪ್ರಶ್ನೆ ಇದೇ, ಅಕ್ಕಪಕ್ಕದ ಮನೆಯವರು ಕೇಳೋದೂ ಇದೇ. ಪಲ್ಲವಿಗೆ ಮುಂಚೆ, ಮೊದಲ ಚರಣದಲ್ಲೇ ಸಾಕ್ಷಿ ಇಡಿ. ಜಸ್ಟಿನ್ ಟಿಂಬರ್‌ಲೇಕ್‌ನ 2002ರ 'ಕ್ರೈ ಮಿ ಎ ರಿವರ್' ನೋಡಿ, ನೀನು ಏನ್ ಮಾಡ್ದೆ ಅಂತ ಹೇಳೋದೇ ಬೇಡ, ನಂಗೆ ಆಗ್ಲೇ ಗೊತ್ತು, ಅವನ ಬಾಯಿಂದಾನೇ ಗೊತ್ತಾಯ್ತು ಅಂತಾನೆ. ಅವನ ಬಾಯಿಂದ! ಅಷ್ಟು ಸಾಕು, ಉಳಿದಿದ್ದನ್ನ ಕೇಳೋರು ಕಲ್ಪಿಸ್ಕೋತಾರೆ.

ನಾವು ಬರೆಯೋದಾದ್ರೆ ಹೆಂಗಿರ್ಬೇಕು? ಸಾಮಾನ್ಯವಾಗಿ ಜನ ಬರೆಯೋದು ಹಿಂಗೆ:

ಮೋಸಗಾರ ನೀನು ನನ್ನ ಹೃದಯ ಒಡೆದೆ
ಕಣ್ಣೀರ ಕಡಲಲ್ಲಿ ನನ್ನ ಮುಳುಗಿಸಿದೆ

ಇದ್ರಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ, ಏನಾಯ್ತು, ಒಂದೂ ಇಲ್ಲ, ಈ ಎರಡು ಲೈನನ್ನ ಯಾರು ಯಾರಿಗೆ ಬೇಕಾದ್ರೂ ಹೇಳ್ಬೋದು, ಬೆಸ್ಕಾಮ್‌ಗೂ ಹೇಳ್ಬೋದು. ಅದೇ ಬೆಂಗಳೂರಿನ ಒಂದು ಮನೆ ಬಾತ್‌ರೂಮಲ್ಲಿ ಬಟ್ಟೆ ನೆನೆಸ್ತಾ ಕೂತಿರೋ ಹೆಂಡತಿ ಬಾಯಿಗೆ ಕೊಡಿ:

ಪ್ಯಾಂಟು ನೆನೆಸೋವಾಗ ಸಿಕ್ತು ಜೇಬಲ್ಲೊಂದು ಚೀಟಿ
ಎರಡು ದೋಸೆ, ಒಂದೇ ಕಾಫಿ, ಭಾನ್ವಾರದ ಭೇಟಿ
ಆಫೀಸಲ್ಲಿ ಆಡಿಟ್ ಅಂದ್ಯಲ್ಲ, ಯಾವ ಸೀಮೆ ಡ್ಯೂಟಿ

ಇಲ್ಲಿ ಕೆಲಸ ಮಾಡ್ತಿರೋದು ದೋಸೆ ಅಲ್ಲ, ಎರಡು ದೋಸೆ ಆಫೀಸ್ ಫ್ರೆಂಡ್ ಜೊತೇನೂ ತಿನ್ಬೋದು. 'ಒಂದೇ ಕಾಫಿ' ಇದ್ಯಲ್ಲ, ಅಲ್ಲಿ ಸಿಕ್ಕಿಬಿದ್ದ. ಬೈಟು ಹಂಚ್ಕೊಂಡು ಕುಡಿಯೋ ಅಷ್ಟು ಸಲಿಗೆ ಯಾರ ಜೊತೆ ಅಂತ ಅವಳಿಗೆ ಅರ್ಥ ಆಯ್ತು, ನಮಗೂ ಆಯ್ತು, ಮೋಸ ಅನ್ನೋ ಪದಾನೇ ಬರ್ಲಿಲ್ಲ. ನೀವು ಬರೆಯೋವಾಗ್ಲೂ ಇಂಥ ಒಂದು ಸಣ್ಣ ವಸ್ತು ಹುಡುಕಿ. ಫಾಸ್ಟ್ಯಾಗ್ ಮೆಸೇಜ್ ಆಗ್ಬೋದು, ಧಾರವಾಡಕ್ಕೆ ಹೋಗ್ತೀನಿ ಅಂದವನ ದುಡ್ಡು ಮೈಸೂರು ರೋಡ್ ಟೋಲಲ್ಲಿ ಕಟ್ ಆಗಿದ್ದು. ವಾಟ್ಸಾಪ್ ಲಾಸ್ಟ್ ಸೀನ್ ಬೇಡ ದಯವಿಟ್ಟು, ಎಲ್ಲರೂ ಅದನ್ನೇ ಬರೆದು ಸಾಯಿಸಿದ್ದಾರೆ.

ಏನನ್ನ ಒಡೀತೀರ

ಈಗ ಮುಖ್ಯ ವಿಷ್ಯ. ಕ್ಯಾರಿ ಅಂಡರ್‌ವುಡ್‌ಳ 'ಬಿಫೋರ್ ಹಿ ಚೀಟ್ಸ್', 2005ರ 'ಸಮ್ ಹಾರ್ಟ್ಸ್' ಆಲ್ಬಮ್‌ನದ್ದು, ಬರೆದಿದ್ದು ಕ್ರಿಸ್ ಟಾಂಪ್ಕಿನ್ಸ್ ಮತ್ತೆ ಜೋಶ್ ಕಿಯರ್ ಅನ್ನೋ ಇಬ್ಬರು ಗಂಡಸರು ಅನ್ನೋದು ಬೇರೆ ಮಾತು. ಅಮೆರಿಕದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಅದು 8ನೇ ಸ್ಥಾನಕ್ಕಿಂತ ಮೇಲೆ ಹೋಗ್ಲೇ ಇಲ್ಲ, ಆದ್ರೆ 64 ವಾರ ಆ ಪಟ್ಟಿ ಬಿಟ್ಟು ಇಳೀಲಿಲ್ಲ. ಅದ್ರ ಚರಣಗಳನ್ನ ಗಮನ ಇಟ್ಟು ಕೇಳಿ, ಅವನು ಈಗ ಬಾರಲ್ಲಿ ಯಾವ್ಳೋ ಜೊತೆ ಡ್ಯಾನ್ಸ್ ಮಾಡ್ತಿರ್ಬೋದು, ಅವಳಿಗೆ ಡ್ರಿಂಕ್ಸ್ ಕೊಡಿಸ್ತಿರ್ಬೋದು, ಬಹುಶಃ ಪೂಲ್ ಆಡೋದು ಹೆಂಗೆ ಅಂತ ಹಿಂದಿಂದ ನಿಂತು ಹೇಳ್ಕೊಡ್ತಿರ್ಬೋದು. ಎಲ್ಲಾ ಬಹುಶಃ. ಅವಳ ತಲೆಯೊಳಗೆ ಓಡ್ತಿರೋ ಸಿನಿಮಾ ಅದು. ಪಲ್ಲವಿ ಬಂದ ತಕ್ಷಣ ಬಹುಶಃ ಅನ್ನೋದು ಮಾಯ, ಎಲ್ಲಾ ಮಾಡಿ ಮುಗಿಸಿದ್ದು: ಅವನ ಫೋರ್ ವೀಲ್ ಡ್ರೈವ್ ಗಾಡಿ ಪಕ್ಕಕ್ಕೆ ಕೀ ಇಂದ ಗೀಚಿದೆ, ಲೆದರ್ ಸೀಟಲ್ಲಿ ನನ್ ಹೆಸರು ಕೆತ್ತಿದೆ, ಲೂಯಿವಿಲ್ ಸ್ಲಗ್ಗರ್ ಬ್ಯಾಟ್ ತಗೊಂಡು ಎರಡೂ ಹೆಡ್‌ಲೈಟ್ ಒಡೆದೆ, ನಾಲ್ಕೂ ಟೈರ್ ಸೀಳಿದೆ.

ಹೆಂಗಿದೆ ನೋಡಿ ಲೆಕ್ಕ! ಎರಡು ಹೆಡ್‌ಲೈಟು, ನಾಲ್ಕು ಟೈರು. ಇನ್ಶೂರೆನ್ಸ್ ಸರ್ವೇಯರ್ ರಿಪೋರ್ಟ್ ಥರ ಇದೆ. ನಾನು ಎಷ್ಟು ಉರೀತಿದೀನಿ ಅಂತ ಎಲ್ಲೂ ಹೇಳಲ್ಲ. ಬೇಸ್‌ಬಾಲ್ ಬ್ಯಾಟ್ ಅಂತ ಸುಮ್ನೆ ಹೇಳದೇ ಬ್ರ್ಯಾಂಡ್ ಹೆಸರು ಹೇಳಿದ್ದಾರೆ, ಕೆಂಟಕಿಯ ಲೂಯಿವಿಲ್ ಊರಿನ ಹೆಸರಲ್ಲಿರೋ ಬ್ಯಾಟು, ಅಮೆರಿಕದಲ್ಲಿ ಪ್ರತಿ ಮನೇಲೂ ಗೊತ್ತಿರೋದು. ಆಮೇಲೆ ಅವಳು ಅವನನ್ನ ಮುಟ್ಟೇ ಇಲ್ಲ. ಅವನ ಗಾಡಿ ಮುಟ್ಟಿದ್ದಾಳೆ, ಯಾಕಂದ್ರೆ ಅಂಥ ಗಂಡಸಿಗೆ ಗಾಡಿ ಮೇಲೆ ಇರೋ ಪ್ರೀತಿ ಅವಳ ಮೇಲೆ ಇರ್ಲಿಲ್ಲ ಅನ್ನೋದು ಅದ್ರೊಳಗೇ ಬಂತು.

ಇದೇ ಬೇಸ್‌ಬಾಲ್ ಬ್ಯಾಟು ಬಿಯಾನ್ಸೆ ಕೈಗೂ ಬಂತು, 2016ರ 'ಲೆಮನೇಡ್' ಆಲ್ಬಮ್‌ನ 'ಹೋಲ್ಡ್ ಅಪ್' ವಿಡಿಯೋದಲ್ಲಿ, ಹಳದಿ ಬಟ್ಟೆ ಹಾಕ್ಕೊಂಡು ನಗ್ತಾ ನಗ್ತಾ ರಸ್ತೇಲಿರೋ ಕಾರುಗಳ ಗ್ಲಾಸ್ ಒಡೀತಾ ಹೋಗ್ತಾಳೆ. ಆ ನಗು ಇಲ್ದಿದ್ರೆ ಅದು ಬರೀ ಗಲಾಟೆ ಅಷ್ಟೇ.

ಹಂಗಾಗಿ ನಿಮ್ ಹಾಡಲ್ಲಿ ಅವರಿಗೆ ಪ್ರಾಣಕ್ಕಿಂತ ಪ್ರೀತಿ ಯಾವ್ದು ಅಂತ ಮೊದ್ಲು ಯೋಚ್ನೆ ಮಾಡಿ. ಬುಲೆಟ್ಟಾ, ಐಫೋನಾ, ಜಿಮ್ಮಿನ ಪ್ರೋಟೀನ್ ಡಬ್ಬಾನಾ, ಎಂಟು ವರ್ಷದಿಂದ ಎಣ್ಣೆ ಹಾಕಿ ಸಾಕಿರೋ ಕ್ರಿಕೆಟ್ ಬ್ಯಾಟಾ, ಅವಳಾಗಿದ್ರೆ ಬಾಲ್ಕನೀಲಿ ಬೆಳೆಸಿರೋ ದಾಸವಾಳನಾ. ಗಿಡಕ್ಕೆ ಏನೂ ಮಾಡ್ಬೇಡಿ, ಪಾಪ. ನಮ್ಮ ಬೈಟು ಹೆಂಗಸು ಏನ್ ಮಾಡ್ತಾಳೆ ಅಂದ್ರೆ ಎದ್ದು ಎಲ್ಲೂ ಹೋಗಲ್ಲ, ಬಕೆಟ್ ಮುಂದೇನೇ ಇದ್ದಾಳಲ್ಲ:

ಬಿಳೀ ಶರ್ಟು ಆರೂ ಹಾಕ್ದೆ ಕೆಂಪು ಸೀರೆ ಜೊತೆಗೆ
ಬಣ್ಣ ಬಿಡತ್ತೆ ಅಂತ ಗೊತ್ತಿತ್ತು ನೀ ತಂದ ದಿನವೇ ನನಗೆ
ಸೋಮ್ವಾರ ಮೀಟಿಂಗು, ಗುಲಾಬಿ ಬಣ್ಣ ಒಪ್ಪತ್ತೆ ನಿನ್ ಮೈಗೆ

ಪೊಲೀಸ್ ಬರಲ್ಲ, ಯಾರಿಗೂ ಏಟಾಗಲ್ಲ, ಆದ್ರೆ ಆರು ಶರ್ಟು. ಅವನು ತಂದಿದ್ದ ಅಗ್ಗದ ಸೀರೇನೂ ಲೆಕ್ಕಕ್ಕೆ ಬಂತು, ನೋಡಿದ್ರಾ?

ಪಲ್ಲವಿ

ಪಲ್ಲವಿ ಊರಿಗೆಲ್ಲ ಸಿಗ್ಬೇಕು. ಸೇಡಿನ ಹಾಡಿನ ನಿಜವಾದ ಸೇಡು ಅಂದ್ರೆ ಇದೇ ಅಂತ ನನ್ ಅಭಿಪ್ರಾಯ, ಒಡೆದ ಕಾರು ಗ್ಯಾರೇಜಿಗೆ ಹೋದ್ರೆ ರಿಪೇರಿ ಆಗತ್ತೆ, ಆದ್ರೆ ಆ ಪುಣ್ಯಾತ್ಮ ಮದುವೆ ಮನೆಗೆ ಹೋದಾಗ, ಆಟೋ ಹತ್ತಿದಾಗ, ಬೇರೆಯವರ ರಿಂಗ್‌ಟೋನಲ್ಲಿ, ಎಲ್ಲಾ ಕಡೆ ಅದೇ ಲೈನ್ ಕೇಳಿಸ್ಬೇಕು. 'ಇರ್‌ರಿಪ್ಲೇಸಬಲ್' ಶುರುವಾಗೋದೇ ಎಡಗಡೆಗೆ, ಎಡಗಡೆಗೆ ಅಂತ. ಒಂದು ದಿಕ್ಕು ಅಷ್ಟೇ ರೀ! ನಿನ್ ಸಾಮಾನೆಲ್ಲ ಎಡಗಡೆ ಇರೋ ಡಬ್ಬದಲ್ಲಿದೆ, ಬೀರೂಲಿರೋದು ನಂದು, ನಾನ್ ಕೊಂಡಿದ್ದನ್ನ ಮುಟ್ಬೇಡ, ಕಾರಿನ ಕೀ ಕೆಳಗಿಡು, ನಿನ್ ಟ್ಯಾಕ್ಸಿ ಹೊರಡ್ತಿದೆ ಬೇಗ ಹೋಗು. ಜಗಳ ಮುಗಿದು ಬರೀ ಸಾಮಾನು ಸಾಗಿಸೋ ಮಾತು ಉಳಿದಿದೆ, ಅದೂ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಹೇಳೋ ದನಿಯಲ್ಲಿ. ಅಮೆರಿಕದಲ್ಲಿ 10 ವಾರ ಒಂದನೇ ಸ್ಥಾನದಲ್ಲಿತ್ತು. ಸ್ಟೇಜ್ ಶೋನಲ್ಲಿ ಸಾವಿರಾರು ಜನ ಒಟ್ಟಿಗೆ ಕೈ ಎಡಕ್ಕೆ ತೋರಿಸ್ತಾರೆ ಅಂದ್ರೆ ಆ ಗಂಡಸಿನ ಗತಿ ಯೋಚ್ನೆ ಮಾಡಿ.

ನಮ್ ಹಾಡಿನ ಪಲ್ಲವಿ ಆಗ್ಲೇ ಸಿಕ್ಕಿದೆ, ಬಿಲ್ಲಲ್ಲೇ ಇತ್ತು:

ಬೈಟು ಬೈಟು ಅಂತ ಹಂಚ್ಕೊಳಕ್ಕೆ ಗಂಡ ಏನ್ ಕಾಫಿನಾ?
ಪೂರ್ತಿ ಲೋಟ ಅವ್ಳೇ ಕುಡೀಲಿ, ಆರಿದ್ ಕಾಫಿ ನಂಗ್ಯಾಕೆ

ಎರಡನೇ ಲೈನಿಗೆ ಪ್ರಾಸ ಬೇಡ. ಮೊದಲ ಲೈನ್ ಪ್ರಶ್ನೆ ಕೇಳಿ ನಿಲ್ಲತ್ತೆ, ಜನ ಪ್ರಾಸಕ್ಕೆ ಕಾಯ್ತಾರೆ, ಅದು ಬರ್ದೇ ಇದ್ದಾಗ ಒಂದು ಕ್ಷಣ ತಡವರಿಸ್ತಾರೆ, ಆ ತಡವರಿಕೇಲೇ ನಗು ಇರೋದು. ಹಾಡಿ ನೋಡಿ, ಬಾಯಲ್ಲಿ ಕೂರ್ಲಿಲ್ಲ ಅಂದ್ರೆ ಪದ ಬದಲಾಯಿಸಿ. ಕಾಗದದ ಮೇಲೆ ಚೆನ್ನಾಗಿ ಕಾಣೋದು ಎಷ್ಟೋ ಸಲ ಬಾಯಲ್ಲಿ ಕಲ್ಲು ಸಿಕ್ಕಂಗಾಗತ್ತೆ.

ಅವಳನ್ನ ಏನ್ ಮಾಡೋದು, ಆ ಮೂರನೆಯವಳನ್ನ?

ಇಲ್ಲಿ ಬಹಳ ಜನ ಜಾರ್ತಾರೆ. ಹಳೇ ಕಾಲದ ಹಾಡುಗಳಲ್ಲಿ ಸಿಟ್ಟೆಲ್ಲ ಇನ್ನೊಬ್ಬ ಹೆಂಗಸಿನ ಮೇಲೆ. ಲೊರೆಟಾ ಲಿನ್ 1968ರಲ್ಲಿ 'ಫಿಸ್ಟ್ ಸಿಟಿ' ಅಂತ ಹಾಡಿದ್ಲು, ನನ್ ಗಂಡನ ಸಹವಾಸಕ್ಕೆ ಬಂದ್ರೆ ಗುದ್ದು ಬೀಳತ್ತೆ ಅಂತ ನೇರಾನೇರ, ಆದ್ರೆ ಅದೇ ಹಾಡಲ್ಲಿ ನನ್ ಗಂಡ ಏನ್ ಸಂತ ಅಲ್ಲ ಅಂತನೂ ಒಪ್ಕೋತಾಳೆ, ಅದೇ ಆ ಹಾಡಿನ ಪ್ರಾಣ. ನಮ್ಮ ಗರತಿಯ ಹಾಡುಗಳಲ್ಲೂ ಸವತಿ ಬಗ್ಗೆ ತ್ರಿಪದಿ ಮೇಲೆ ತ್ರಿಪದಿ ಇದೆ, ಬೀಸೋ ಕಲ್ಲಿನ ಮುಂದೆ ಕೂತು ಗಂಡನಿಗೆ ಕೇಳೋ ಹಂಗೆ ಹಾಡಿದ್ದು, ಹಲಸಂಗಿ ಗೆಳೆಯರು ಸಂಗ್ರಹ ಮಾಡಿದ್ರಲ್ಲ, ಅದನ್ನ ಒಂದ್ಸಲ ಓದಿ, ಬೈಗುಳದಲ್ಲೂ ಲಯ ತಪ್ಪದೇ ಇರೋದು ಹೆಂಗೆ ಅಂತ ಗೊತ್ತಾಗತ್ತೆ.

ಡಾಲಿ ಪಾರ್ಟನ್ 1973ರ 'ಜೋಲೀನ್'ನಲ್ಲಿ ಇದನ್ನ ಪೂರ್ತಿ ತಿರುಗಿಸಿಬಿಟ್ಲು. ಅವಳ ಗಂಡನ ಜೊತೆ ಒಬ್ಬ ಬ್ಯಾಂಕ್ ಕ್ಲರ್ಕ್ ಸಲಿಗೆ ತೋರಿಸ್ತಿದ್ದಳಂತೆ, ಅಲ್ಲಿಂದ ಹುಟ್ಟಿದ ಹಾಡು ಅಂತ ಅವಳೇ ಹೇಳಿದ್ದಾಳೆ. ಹಾಡಲ್ಲಿ ಗುದ್ದೂ ಇಲ್ಲ ಶಾಪಾನೂ ಇಲ್ಲ, ದಮ್ಮಯ್ಯ ಅವನನ್ನ ಕರ್ಕೊಂಡ್ ಹೋಗ್ಬೇಡ ಅಂತ ಬೇಡ್ಕೊಳೋದು. 2024ರಲ್ಲಿ ಬಿಯಾನ್ಸೆ ಅದೇ ಹಾಡನ್ನ 'ಕೌಬಾಯ್ ಕಾರ್ಟರ್' ಆಲ್ಬಮ್‌ಗೆ ತಗೊಂಡು ಬೇಡಿಕೆ ಇದ್ದ ಜಾಗದಲ್ಲಿ ಎಚ್ಚರಿಕೆ ಇಟ್ಲು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಅದೇ ರಾಗ, ಪದ ಬದಲಾದ್ರೆ ಹಾಡೋಳು ಕೂತಿರೋ ಜಾಗಾನೇ ಬದಲಾಗತ್ತೆ. ಸತ್ಯ ಹೇಳ್ಬೇಕಂದ್ರೆ ನಂಗೆ ಹಳೇದೇ ಇಷ್ಟ, ಧಮಕಿ ಹಾಕೋದು ಯಾರಿಗ್ ಬರಲ್ಲ.

ನಿಮಗೆ ನನ್ನ ಸಲಹೆ ಅಂದ್ರೆ, ಆ ಮೂರನೆಯವರಿಗೆ ಒಂದೇ ಒಂದು ಲೈನ್ ಕೊಡಿ, ಕೂದಲೋ ಸೆಂಟೋ ಏನೋ ಒಂದು ಗುರುತು, ಮುಗೀತು. ಅವರು ನಿಮಗೆ ಮಾತು ಕೊಟ್ಟಿರ್ಲಿಲ್ಲ. ಮಾತು ಕೊಟ್ಟವನು ಬೇರೆ.

ಕೊಲೆ ಬೇಕಾ?

ಹಾಡಲ್ಲಿ ಕೊಲೆ ಮಾಡೋದು ಸುಲಭ, ಜೀರ್ಣ ಮಾಡ್ಕೊಳೋದು ಕಷ್ಟ. ಅಮೆರಿಕದ ಹಳೇ ಲಾವಣಿ 'ಫ್ರಾಂಕಿ ಅಂಡ್ ಜಾನಿ', ಅವಳ ಗಂಡು ಅವಳಿಗೆ ದ್ರೋಹ ಮಾಡ್ದ, ಅವಳು ಗುಂಡು ಹೊಡೆದ್ಲು, ಅಷ್ಟೇ ಕತೆ, ನೂರಾರು ಜನ ಹಾಡಿದ್ದಾರೆ. ಇದ್ರ ಹಿಂದೆ 1899ರ ಸೇಂಟ್ ಲೂಯಿಸ್ ಊರಿನ ಒಂದು ನಿಜವಾದ ಘಟನೆ ಇದೆ ಅಂತ ಸಾಮಾನ್ಯವಾಗಿ ಒಪ್ತಾರೆ, ಫ್ರಾಂಕಿ ಬೇಕರ್ ಅನ್ನೋ ಹುಡುಗಿ ತನ್ನ ಜೊತೆಗಾರ ಆಲನ್ ಬ್ರಿಟ್‌ಗೆ ಗುಂಡು ಹೊಡೆದಿದ್ದು. ಕೋರ್ಟಲ್ಲಿ ಅವಳು ಆತ್ಮರಕ್ಷಣೆಗೆ ಹೊಡೆದೆ ಅಂದ್ಲು, ಬಿಡುಗಡೆ ಆಯ್ತು. ಆದ್ರೆ ಹಾಡಿಗೆ ಕೋರ್ಟ್ ತೀರ್ಪು ಯಾಕೆ ಬೇಕು, ಹಾಡಲ್ಲಿ ಅವಳು ಹೊಟ್ಟೆಕಿಚ್ಚಿನ ಕೊಲೆಗಾತಿಯಾಗೇ ಉಳ್ಕೊಂಡ್ಲು. ಊರು ಬಿಟ್ಟು ಎಲ್ಲೋ ದೂರ ಪೋರ್ಟ್‌ಲ್ಯಾಂಡ್‌ಗೆ ಹೋದ್ರೂ ಹಾಡು ಹಿಂದೇನೇ ಹೋಯ್ತು, ಆ ಕತೆ ಇಟ್ಕೊಂಡು 1936ರಲ್ಲಿ ಸಿನಿಮಾ ಬಂದಾಗ ಸ್ಟುಡಿಯೋ ಮೇಲೆ ಕೇಸ್ ಹಾಕಿದ್ಲು, ಸೋತ್ಲು, 1952ರಲ್ಲಿ ತೀರ್ಕೊಂಡ್ಲು. ಮೂರು ನಿಮಿಷದ ಹಾಡು ಒಬ್ಬಳ ಮೇಲೆ ಐವತ್ತು ವರ್ಷ ಕೂತಿತ್ತು. ನಿಜವಾದ ಮನುಷ್ಯರ ಬಗ್ಗೆ ಬರೆಯೋವಾಗ ಇದು ತಲೇಲಿರ್ಲಿ.

ಗಂಡಸರು ಬರೆಯೋದಾದ್ರೆ ಇನ್ನೂ ಹುಷಾರು. ಟಾಮ್ ಜೋನ್ಸ್‌ನ 1968ರ 'ಡಿಲೈಲಾ', ಕಿಟಕಿ ಪರದೆ ಮೇಲೆ ನೆರಳು ನೋಡಿ, ಬೆಳಿಗ್ಗೆ ಬಾಗಿಲು ತಟ್ಟಿ, ನಕ್ಕವಳಿಗೆ ಚಾಕು ಹಾಕೋ ಕತೆ. ರಾಗ ಎಷ್ಟು ಜೋರಾಗಿದೆ ಅಂದ್ರೆ ವೇಲ್ಸ್‌ನಲ್ಲಿ ರಗ್ಬಿ ಮ್ಯಾಚಿಗೆ ಇಡೀ ಸ್ಟೇಡಿಯಂ ಹಾಡ್ತಿತ್ತು. 2023ರಲ್ಲಿ ಅಲ್ಲಿನ ರಗ್ಬಿ ಯೂನಿಯನ್ನು ಕಾರ್ಡಿಫ್‌ನ ಸ್ಟೇಡಿಯಂನಲ್ಲಿ ಕಾಯರ್‌ಗಳು, ಅಂದ್ರೆ ಹಾಡೋ ತಂಡಗಳು, ಇದನ್ನ ಹಾಡೋದು ಬೇಡ ಅಂತು. ಸರಿಯಾಗೇ ಮಾಡಿದ್ರು ಅನ್ಸತ್ತೆ, ಯಾಕಂದ್ರೆ ಹೆಂಗಸು ಹೆಡ್‌ಲೈಟ್ ಒಡೆಯೋ ಹಾಡು ಕೇಳಿ ನಗು ಬರತ್ತೆ, ಗಂಡಸು ಚಾಕು ಹಿಡಿಯೋ ಹಾಡು ದಿನಾ ಪೇಪರಲ್ಲಿ ಬರತ್ತೆ.

ಕೊಲೆ ಬೇಕೇ ಬೇಕು ಅಂದ್ರೆ ಟೇಲರ್ ಸ್ವಿಫ್ಟ್ 2020ರಲ್ಲಿ 'ನೋ ಬಾಡಿ, ನೋ ಕ್ರೈಮ್'ನಲ್ಲಿ ಮಾಡಿದ ಹಂಗೆ ಪತ್ತೇದಾರಿ ಕತೆ ಮಾಡಿ, ಕೊಲೆ ಆಗೋ ಕ್ಷಣವನ್ನೇ ತೋರಿಸ್ಬೇಡಿ, ಮುಂಚೆ ಏನಾಯ್ತು ಆಮೇಲೆ ಯಾರು ಸುಳ್ಳು ಹೇಳಿದ್ರು ಅಷ್ಟೇ.

ಒಂದು ಕಡೆ ನಿಜ ಹೇಳಿ

ಎರಡನೇ ಚರಣ ಆದ್ಮೇಲೆ ರಾಗ ಸ್ವಲ್ಪ ಬದಲಾಗೋ ಜಾಗ ಬರತ್ತಲ್ಲ, ಅಲ್ಲಿ ಒಂದು ಸತ್ಯ ಬಿಡಿ, ಇಲ್ಲಾಂದ್ರೆ ಹಾಡು ಬರೀ ಪೋಸು ಕೊಟ್ಟಂಗಾಗತ್ತೆ. ಜಾಸ್ಮಿನ್ ಸಲಿವನ್‌ಳ 2008ರ 'ಬಸ್ಟ್ ಯುವರ್ ವಿಂಡೋಸ್' ಟ್ಯಾಂಗೋ ಲಯದಲ್ಲಿ ಠೀವಿಯಿಂದ ನಡೆಯತ್ತೆ, ನಿನ್ ಕಾರಿನ ಗ್ಲಾಸೆಲ್ಲ ಒಡೆದೆ ಅಂತಾಳೆ, ಮರುಕ್ಷಣ, ಇಲ್ಲ, ಅದ್ರಿಂದ ನನ್ ಮನಸ್ಸೇನು ಸರಿ ಹೋಗ್ಲಿಲ್ಲ ಅಂತಾಳೆ, ಅದೂ ಪಲ್ಲವಿಯಲ್ಲೇ. ಆಮೇಲೆ ಈಗ ಅದ್ರ ಚಿಂತೆ ನಂಗಿಲ್ಲ ಅಂತ ಮತ್ತೆ ಠೀವಿ. ನಮ್ ಹೆಂಗಸಿಗೆ ಹಿಂಗೆ ಕೊಡ್ಬೋದು:

ಆರೂ ಶರ್ಟು ಒಣಗಿಸಿ ನಾನೇ ಇಸ್ತ್ರಿ ಮಾಡಿಟ್ಟೆ
ಕೈಗೆ ಅಭ್ಯಾಸ ನೋಡು, ಕಾಲರ್‌ಗೆ ಗಂಜಿ ಸಮೇತ ಕೊಟ್ಟೆ

ಇದಾದ್ಮೇಲೆ ಅದೇ ಬೈಟು ಪಲ್ಲವಿ ವಾಪಸ್ ಬಂದ್ರೆ ಮೊದಲಿನ ಥರ ಕೇಳಿಸಲ್ಲ.

ಹೆಸರು ಹಾಕೋದು, ಹಾಡು ಬಿಡೋದು

ಹೆಸರು ಹಾಕ್ಬೇಡಿ. ಮಾನಹಾನಿ ಕೇಸಿಗೆ ಅದೇ ನ್ಯಾಯ ಸಂಹಿತೆಯ ಸೆಕ್ಷನ್ 356 ಇದೆ, ಅದು ಒಂದು ಕಾರಣ. ಇನ್ನೊಂದು, ಹೆಸರು ಮುಚ್ಚಿಟ್ರೆ ಹಾಡಿಗೇ ಲಾಭ. ಕಾರ್ಲಿ ಸೈಮನ್ 1972ರ 'ಯು ಆರ್ ಸೋ ವೇನ್' ಯಾರ ಬಗ್ಗೆ ಅಂತ ದಶಕಗಟ್ಟಲೆ ಬಾಯಿ ಬಿಡ್ಲಿಲ್ಲ, 2015ರಲ್ಲಿ ಎರಡನೇ ಚರಣ ಮಾತ್ರ ಹಾಲಿವುಡ್ ನಟ ವಾರೆನ್ ಬೀಟಿ ಬಗ್ಗೆ ಅಂದ್ಲು, ಅಷ್ಟೂ ವರ್ಷ ಜನ ಊಹೆ ಮಾಡ್ತಾ ಕೇಳಿದ್ದೇ ಕೇಳಿದ್ದು. ಶಕೀರಾ 2023ರ ಜನವರಿಯಲ್ಲಿ ಅರ್ಜೆಂಟೀನಾದ ಮ್ಯೂಸಿಕ್ ಪ್ರೊಡ್ಯೂಸರ್ ಬಿಝರಾಪ್ ಜೊತೆ ಮಾಡಿದ ಹಾಡಲ್ಲಿ ತನ್ನ ಹಳೇ ಜೊತೆಗಾರ, ಫುಟ್‌ಬಾಲ್ ಆಟಗಾರ ಪಿಕೆ ಹೆಸರನ್ನ ಸ್ಪ್ಯಾನಿಶ್ ಕ್ರಿಯಾಪದಗಳ ಬಾಲದಲ್ಲಿ ಅಡಗಿಸಿಟ್ಟು ಹೇಳ್ದಂಗೂ ಹೇಳದಂಗೂ ಮಾಡಿದ್ಲು. ನೀನು ಫೆರಾರಿ ಕೊಟ್ಟು ಟ್ವಿಂಗೊ ಅನ್ನೋ ಪುಟ್ಟ ಕಾರು ತಗೊಂಡೆ, ರೋಲೆಕ್ಸ್ ಕೊಟ್ಟು ಕ್ಯಾಸಿಯೊ ತಗೊಂಡೆ ಅಂತ ಹಂಗಿಸಿದ್ದು ಎಲ್ಲರಿಗೂ ನೆನಪಿದೆ, ಆದ್ರೆ ನಂಗೆ ಖುಷಿ ಕೊಟ್ಟ ಲೈನ್ ಬೇರೆ: ಅತ್ತೇನ ಪಕ್ಕದ ಮನೇಲಿ ಬಿಟ್ಟು, ಬಾಗ್ಲಲ್ಲಿ ಪತ್ರಕರ್ತರನ್ನ ಬಿಟ್ಟು, ಟ್ಯಾಕ್ಸ್ ಬಾಕಿ ಬಿಟ್ಟು ಹೋದೆ ಅಂತ. ಅತ್ತೆ ಪಕ್ಕದ ಮನೇಲಿ! ಇದು ಬಾರ್ಸಿಲೋನಾ ಆದ್ರೇನು ಬಸವನಗುಡಿ ಆದ್ರೇನು. ಅದಕ್ಕೆ ಪಿಕೆ ಟ್ವಿಂಗೊ ಕಾರಲ್ಲೇ ಬಂದು ಇಳಿದು ತಮಾಷೆ ಮಾಡ್ದ, ಹಾಡಿಗೆ ಇನ್ನಷ್ಟು ಪ್ರಚಾರ ಸಿಕ್ತು, ಆ ವರ್ಷದ ಲ್ಯಾಟಿನ್ ಗ್ರ್ಯಾಮಿಯಲ್ಲಿ ವರ್ಷದ ಹಾಡು ಪ್ರಶಸ್ತಿನೂ ಬಂತು.

ಫೋಟೋ, ಚಾಟ್ ಸ್ಕ್ರೀನ್‌ಶಾಟ್ ವಿಡಿಯೋಗೆ ಸೇರಿಸೋದು ಬೇಡವೇ ಬೇಡ. ಜಾತಿ, ಮನೆತನ, ಬಣ್ಣ, ಅವರಮ್ಮ, ಇವ್ಯಾವುದೂ ಬೇಡ. ಲಯ ಸ್ವಲ್ಪ ಚುರುಕಾಗಿರ್ಲಿ, ಅಳೋ ರಾಗಕ್ಕೆ ಸೇಡು ಹೊಂದಲ್ಲ, ತಮಟೆ ಇದ್ರೆ ಚೆನ್ನ, ಕೊನೇ ಪಲ್ಲವಿಗೆ ನಾಲ್ಕು ಜನ ಗೆಳತೀರನ್ನ ಕೂರಿಸಿ ಒಟ್ಟಿಗೆ ಹಾಡಿಸಿ, ಅವರಿಗೆ ಹೇಳ್ಕೊಡೋದೇ ಬೇಕಾಗಲ್ಲ.

ಆಮೇಲೆ ಅವನಿಗೆ ಲಿಂಕ್ ಮಾತ್ರ ಕಳಿಸ್ಬೇಡಿ. ಸ್ಟೇಟಸ್ಸಿಗೆ ಹಾಕಿ ಸುಮ್ನಿರಿ, ಇಬ್ಬರಿಗೂ ಗೊತ್ತಿರೋ ಒಬ್ಬ ಫ್ರೆಂಡ್ ಇದ್ದೇ ಇರ್ತಾನೆ, ಅರ್ಧ ಗಂಟೇಲಿ ಅವನೇ ತಲುಪಿಸ್ತಾನೆ, ಇದು ಯಾರ ಬಗ್ಗೆ ಮಗಾ ಅಂತ ಕೇಳಿ.